ಎಲ್ಗಾನ್ ಪರ್ವತದ ಓಟಗಾರರು

ಪೂರ್ವ ಆಫ್ರಿಕದ ನಕ್ಷೆಯನ್ನು ಬಿಡಿಸಿ ನೋಡಿದರೆ, ಯುಗಾಂಡ ಮತ್ತು ಕೀನ್ಯಾ ದೇಶಗಳ ಗಡಿಗೆರೆ ಒಂದು ಮಹಾಪರ್ವತವನ್ನು ಸೀಳಿಕೊಂಡು ಹೋಗಿರುವುದು ಕಾಣುತ್ತದೆ. ಎಲ್ಗಾನ್ ಎಂದು ಅದರ ಹೆಸರು. ಎಂದೋ ಬೆಂಕಿಯನ್ನು ಉಗುಳಿ ಈಗ ಶಾಂತವಾಗಿ ಮಲಗಿರುವ ಈ ಜ್ವಾಲಾಮುಖಿಯ ಅತ್ಯುನ್ನತ ಶಿಖರವಾದ ವಗಗಾಯ್ 4,321 ಮೀಟರ್ ಎತ್ತರವಿದೆ. ಕೀನ್ಯಾದ ಕಡೆಯ ಇಳಿಜಾರಿನಲ್ಲಿ ಕಿಟುಮ್ ಎಂಬ ಗುಹೆಯುಂಟು. ಕಾಡಾನೆಗಳು ಇರುಳಿನಲ್ಲಿ ಅದರೊಳಗೆ ಹೊಕ್ಕು, ದಂತಗಳಿಂದ ಗೋಡೆಯನ್ನು ಕೆರೆದು ಉಪ್ಪನ್ನು ತಿನ್ನುತ್ತವೆ. ಯುಗಾಂಡದ ಕಡೆಯ ಇಳಿಜಾರಿನ ಖ್ಯಾತಿಯೇ ಬೇರೆ. ಜಗತ್ತಿನ ಅತಿ ವೇಗದ ಓಟಗಾರರಲ್ಲಿ ಕೆಲವರು ಹುಟ್ಟಿ ಬೆಳೆದದ್ದು ಅಲ್ಲಿಯ ಹಳ್ಳಿಗಳಲ್ಲಿ.

ರಾಜಧಾನಿ ಕಂಪಾಲಾದಿಂದ ಅಲ್ಲಿಗೆ ಸುಮಾರು 300 ಕಿಲೋಮೀಟರ್ ದೂರ. ದಾರಿಯಲ್ಲಿ ಮೊದಲು ಸಿಕ್ಕುವುದು ಜಿಂಜಾ ನಗರ. ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಬೀಳುವ ಈ ಸ್ಥಳದಲ್ಲಿ 1948ರಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಲಾಯಿತು. ಅದನ್ನು ನೆನೆಯುವ ಸ್ಮಾರಕವನ್ನು ಭಾರತೀಯ ಪ್ರವಾಸಿಗಳು ತಪ್ಪದೆ ಸಂದರ್ಶಿಸುತ್ತಾರೆ. ಅನಂತರ ಎಂಬಾಲೆ ಪಟ್ಟಣವನ್ನು ದಾಟಿದರೆ ರಸ್ತೆ ಏರತೊಡಗುತ್ತದೆ. ಇಕ್ಕೆಲಗಳಲ್ಲಿ ಬಾಳೆಯ ತೋಟಗಳು, ಅರಾಬಿಕಾ ಕಾಫಿಯ ಗಿಡಗಳು, ಕೆಂಪು ಮಣ್ಣಿನ ಕಾಲುದಾರಿಗಳು. ಸಿಪಿ ಎಂಬಲ್ಲಿ ಒಂದೇ ನದಿ ಮೂರು ಕಡೆ ಧುಮುಕುತ್ತದೆ; ಅತಿ ದೊಡ್ಡ ಜಲಪಾತದ ಎತ್ತರ ಸುಮಾರು 100 ಮೀಟರ್. ಅಲ್ಲಿಂದ ಮುಂದೆ ಇರುವುದೇ ಕಪ್ಚೋರ್ವಾ. ಸಬೀನಿ ಜನರ ನುಡಿಯಲ್ಲಿ ಈ ಹೆಸರಿಗೆ ‘ಸ್ನೇಹಿತರ ಮನೆ’ ಎಂಬ ಅರ್ಥವಂತೆ.

ಈ ಸೀಮೆಯ ಕೀರ್ತಿ ಹಬ್ಬಿದ್ದು ಈಚೆಗೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಜಾನ್ ಅಕಿಬುವಾ ಹರ್ಡಲ್ಸ್ ಓಟದಲ್ಲಿ ಸುವರ್ಣ ಪದಕ ಗೆದ್ದ ಮೇಲೆ, ಯುಗಾಂಡ ಇನ್ನೊಂದು ಸುವರ್ಣಕ್ಕಾಗಿ ನಲವತ್ತು ವರ್ಷ ಕಾಯಬೇಕಾಯಿತು. 2012ರಲ್ಲಿ ಲಂಡನ್ನಿನ ಮ್ಯಾರಥಾನ್ ಗೆದ್ದು ಆ ಬರವನ್ನು ನೀಗಿಸಿದ ಸ್ಟೀಫನ್ ಕಿಪ್ರೋಟಿಚ್ ಈ ಕಪ್ಚೋರ್ವಾ ಸೀಮೆಯವರು. 2020ರಲ್ಲಿ ಐದು ಸಾವಿರ ಮತ್ತು ಹತ್ತು ಸಾವಿರ ಮೀಟರ್ ಓಟಗಳೆರಡರಲ್ಲೂ ವಿಶ್ವದಾಖಲೆ ಸ್ಥಾಪಿಸಿದ ಜೋಶುವಾ ಚೆಪ್ಟೆಗೈ ಅವರೂ ಇಲ್ಲಿಯವರೇ.

ಆದರೆ ಬಯಲಿನ ಪಥದಲ್ಲಿ ಓಡುವುದು ಒಂದು ವಿದ್ಯೆಯಾದರೆ, ಬೆಟ್ಟದಲ್ಲಿ ಓಡುವುದು ಬೇರೆಯೇ ಒಂದು ವಿದ್ಯೆ. ಪರ್ವತ ಓಟದ ವಿಶ್ವಸ್ಪರ್ಧೆ 1985ರಲ್ಲಿ ಇಟಲಿಯ ಸಾನ್ ವಿಜಿಲಿಯೋ ಎಂಬ ಗಿರಿಗ್ರಾಮದಲ್ಲಿ ಆರಂಭವಾಯಿತು. 2009ರಲ್ಲಿ ಅದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಎಂಬ ಪದವಿ ದೊರೆಯಿತು. ಸ್ಪರ್ಧೆಯಲ್ಲಿ ಎರಡು ಬಗೆ: ಕೇವಲ ಏರುವುದು ಒಂದು, ಏರಿ ಇಳಿಯುವುದು ಇನ್ನೊಂದು. ದೇಶದ ತಂಡಕ್ಕೆ ಪದಕ ಸಿಗಬೇಕಾದರೆ ಒಬ್ಬನ ಗೆಲುವು ಸಾಲದು. ಅವನ ಹಿಂದೆ ಓಡುವ ಸಂಗಡಿಗರೂ ಮುಂದಿನ ಸಾಲಿನಲ್ಲೇ ಗುರಿ ಮುಟ್ಟಬೇಕು.

ಏರುವವನಿಗೆ ಬೇಕಾದದ್ದು ಉಸಿರು. ಸಮುದ್ರಮಟ್ಟದಿಂದ 2,500 ಮೀಟರ್ ಮೇಲೆ ಗಾಳಿಯ ಒತ್ತಡ ಕೆಳಗಿನದರ ಮುಕ್ಕಾಲು ಪಾಲು ಮಾತ್ರ. ದೊರೆಯುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆ. ಈ ಕೊರತೆಯನ್ನು ತುಂಬಿಕೊಳ್ಳಲು ದೇಹ ರಕ್ತದಲ್ಲಿ ಕೆಂಪು ಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಹುಟ್ಟಿದಂದಿನಿಂದ ಇಂಥ ಗಾಳಿಯಲ್ಲೇ ಬೆಳೆದು, ಏರುದಾರಿಯಲ್ಲೇ ಶಾಲೆಗೆ ಹೋಗಿಬಂದ ಮಕ್ಕಳಿಗೆ ಈ ಸಾಧನೆಯ ಅರ್ಧ ಭಾಗ ಅಯಾಚಿತವಾಗಿ ಒದಗಿಬರುತ್ತದೆ. ಇಳಿಯುವವನ ಕಷ್ಟ ಮತ್ತೊಂದು ತೆರನಾದದ್ದು. ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಬಿಗಿಹಿಡಿದು ದೇಹದ ಭಾರವನ್ನು ತಡೆಯಬೇಕು. ಅಭ್ಯಾಸವಿಲ್ಲದವರು ಒಮ್ಮೆ ಹೀಗೆ ಓಡಿದರೆ ಎರಡು ದಿನ ಮೆಟ್ಟಿಲಿಳಿಯಲಾರರು. ಆದುದರಿಂದ ಸ್ಪರ್ಧೆಗೆ ಸಿದ್ಧರಾಗುವವರು ಕಡಿದಾದ ದಾರಿಯನ್ನು ಮತ್ತೆ ಮತ್ತೆ ಹತ್ತಿದಂತೆಯೇ ಮತ್ತೆ ಮತ್ತೆ ಇಳಿಯಲೂ ಬೇಕು. ಮಳೆ ಬಿದ್ದರೆ ಇಲ್ಲಿಯ ಕೆಂಪು ಮಣ್ಣು ಬೆಣ್ಣೆಯಂತೆ ಜಾರುತ್ತದೆ; ಆ ಜಾರುವ ನೆಲವೂ ಒಬ್ಬ ಗುರುವೇ. ಓಟ ಮುಗಿದ ಮೇಲೆ ಮೆಕ್ಕೆಜೋಳದ ಹಿಟ್ಟಿನ ‘ಪೋಶೋ’ ಎಂಬ ಮುದ್ದೆ, ಬೇಯಿಸಿದ ಹುರುಳಿಕಾಯಿ ಬೀಜ, ಹಾಲು: ಇದು ಅವರ ಸರಳ ಆಹಾರ.

ಈ ಶಿಕ್ಷಣದ ಫಲ ಜಗತ್ತಿಗೆ ಕಂಡಿದೆ. 2015ರಲ್ಲಿ ವೇಲ್ಸ್ ದೇಶದಲ್ಲಿ ಫ್ರೆಡ್ ಮುಸೋಬೊ ಗೆದ್ದರು. 2017ರಲ್ಲಿ ಇಟಲಿಯ ಪ್ರೆಮಾನಾದಲ್ಲಿ ಗೆದ್ದ ವಿಕ್ಟರ್ ಕಿಪ್ಲಾಂಗಟ್ ಅವರಿಗೆ ಆಗ ಹದಿನೇಳು ವರ್ಷ. ಇದೇ ಯುವಕ 2022ರ ಕಾಮನ್‌ವೆಲ್ತ್ ಕ್ರೀಡೆಯ ಮ್ಯಾರಥಾನ್‌ನಲ್ಲಿ ಕೊನೆಯ ಹಂತದಲ್ಲಿ ದಾರಿ ತಪ್ಪಿ, ಹಿಂದಿರುಗಿ ಬಂದು, ಆದರೂ ಗೆದ್ದರು; ಮರುವರ್ಷ ಬುಡಾಪೆಸ್ಟಿನಲ್ಲಿ ಮ್ಯಾರಥಾನಿನ ವಿಶ್ವವಿಜೇತರಾದರು. ಇದರಲ್ಲಿ ಒಂದು ನೀತಿಯೂ ಅಡಗಿದೆ. ಪರ್ವತ ಓಟಕ್ಕೆ ಒಲಿಂಪಿಕ್ಸ್‌ನಲ್ಲಿ ಸ್ಥಾನವಿಲ್ಲ. ಹಣವಿರುವುದು ನಗರಗಳ ರಸ್ತೆ ಓಟಗಳಲ್ಲಿ. ಬೆಟ್ಟದಲ್ಲಿ ಪಳಗಿದ ಕಾಲುಗಳು ಕೆಳಗಿನ ಡಾಂಬರು ರಸ್ತೆಗೆ ಇಳಿದುಹೋಗುವುದು ಸಹಜ. ಟೆರ್ಯೆಟ್ ಎಂಬ ಎತ್ತರದ ಸ್ಥಳದಲ್ಲಿ ಸರಕಾರ ಕೈಗೊಂಡ ರಾಷ್ಟ್ರೀಯ ತರಬೇತಿ ಕೇಂದ್ರದ ಕಾಮಗಾರಿಯೂ ಅನೇಕ ವರ್ಷ ಕುಂಟುತ್ತ ಸಾಗಿತು. ತಂಡ ಸಿದ್ಧವಾದದ್ದು ಹೆಚ್ಚಾಗಿ ಹಳ್ಳಿಯ ಹಾದಿಗಳಲ್ಲಿ.

ಈ ತಂಡದ ಕಥೆಯನ್ನು ಹೇಳುವಾಗ ರೆಬೆಕಾ ಚೆಪ್ಟೆಗೈ ಎಂಬ ಮಹಿಳೆಯನ್ನು ನೆನೆಯದಿರಲಾಗದು. 2022ರಲ್ಲಿ ಥಾಯ್‌ಲೆಂಡಿನ ಚಿಯಾಂಗ್ ಮಾಯ್ ಬೆಟ್ಟಗಳಲ್ಲಿ ನಡೆದ ಏರಿ ಇಳಿಯುವ ಸ್ಪರ್ಧೆಯಲ್ಲಿ ಸುವರ್ಣ ಗೆದ್ದವರು ಆಕೆ. ಸೈನ್ಯದಲ್ಲಿ ಉದ್ಯೋಗಿ, ಎರಡು ಹೆಣ್ಣುಮಕ್ಕಳ ತಾಯಿ. ತರಬೇತಿಗೆ ಅನುಕೂಲವಾಗಲೆಂದು ಗಡಿಯಾಚೆ, ಎಲ್ಗಾನಿನ ಕೀನ್ಯಾದ ಮಗ್ಗುಲಿನಲ್ಲಿ, ತಮ್ಮ ಸಂಪಾದನೆಯಿಂದ ಜಾಗ ಕೊಂಡು ಮನೆ ಕಟ್ಟಿಸಿಕೊಂಡಿದ್ದರು. 2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ ಮರಳಿದ ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 1ರ ಭಾನುವಾರ, ಹಿಂದಿನ ಸಂಗಾತಿ ಆಕೆಯ ಮೇಲೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ. ಆ ಜಾಗದ ವಿಷಯದಲ್ಲಿಯೇ ಇಬ್ಬರಿಗೂ ಕಲಹವಿತ್ತೆಂದು ವರದಿಗಳು ಹೇಳಿದವು. ನಾಲ್ಕು ದಿನಗಳ ತರುವಾಯ, ಮೂವತ್ತಮೂರರ ವಯಸ್ಸಿನಲ್ಲಿ, ಆಕೆ ಎಲ್ಡೊರೆಟ್ಟಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಯುಗಾಂಡದ ಬುಕ್ವೋ ಸೀಮೆಯಲ್ಲಿ ಸೈನಿಕ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು. ಪ್ಯಾರಿಸ್ ನಗರ ತನ್ನ ಒಂದು ಕ್ರೀಡಾಸ್ಥಳಕ್ಕೆ ಆಕೆಯ ಹೆಸರಿಡುವುದಾಗಿ ಸಾರಿತು.

ಇದು ಒಂಟಿ ದುರಂತವಲ್ಲ. 2021ರಲ್ಲಿ ಕೀನ್ಯಾದ ಖ್ಯಾತ ಓಟಗಾರ್ತಿ ಆಗ್ನೆಸ್ ಟಿರೋಪ್ ತಮ್ಮ ಮನೆಯಲ್ಲೇ ಕೊಲೆಯಾದರು. ಆಕೆಯ ಸಂಗಡಿಗರು ‘ಟಿರೋಪ್ಸ್ ಏಂಜಲ್ಸ್’ ಎಂಬ ಸಂಸ್ಥೆಯನ್ನು ಕಟ್ಟಿ, ಹಿಂಸೆಗೆ ಸಿಲುಕಿದ ಮಹಿಳೆಯರ ನೆರವಿಗೆ ನಿಂತಿದ್ದಾರೆ. ಓಡಿ ಗಳಿಸಿದ ಹಣ ಹೆಣ್ಣಿಗೆ ಸ್ವಾತಂತ್ರ್ಯವನ್ನು ತರಬೇಕಾಗಿತ್ತು. ಕೆಲವು ಮನೆಗಳಲ್ಲಿ ಅದೇ ಹಣ ಪ್ರಾಣಕ್ಕೆ ಮುಳುವಾಯಿತು.

ಎಲ್ಗಾನಿನ ಹಾದಿಗಳಲ್ಲಿ ಓಡುವ ಎಳೆಯರಲ್ಲಿ ಹುಡುಗಿಯರೂ ಇದ್ದಾರೆ. ಏರುವುದನ್ನೂ ಇಳಿಯುವುದನ್ನೂ ಅವರಿಗೆ ಬೆಟ್ಟವೇ ಕಲಿಸುತ್ತದೆ. ಗೆದ್ದು ಬಂದವಳು ತಾನು ಕಟ್ಟಿಸಿದ ಮನೆಯಲ್ಲಿ ನಿರ್ಭಯವಾಗಿ ನಿದ್ರಿಸುವಂತೆ ಮಾಡುವ ಹೊಣೆ ಮಾತ್ರ ಬೆಟ್ಟದ್ದಲ್ಲ, ಮನುಷ್ಯರದು.