ಬಾರದ ಸಂದೇಶದ ಕಾವಲು

ಪುಣೆಯ ಬಾಡಿಗೆ ಮನೆಯಿಂದ ರಾತ್ರಿ ಒಂಬತ್ತರ ಸುಮಾರಿಗೆ ಅವಳು ಹುಬ್ಬಳ್ಳಿಯ ಅಪ್ಪನಿಗೆ ನಾಲ್ಕು ಸಾವಿರ ರೂಪಾಯಿ ಕಳಿಸಿದಳು. ಅಪ್ಪ ಔಷಧಿ ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತಿದ್ದರು. ಇವಳ ಖಾತೆಯಿಂದ ಹಣ ಕಡಿತವಾಯಿತು. ಅಲ್ಲಿ ಜಮೆಯಾಗಲಿಲ್ಲ. ಪರದೆಯ ಮೇಲೆ ‘ಪೆಂಡಿಂಗ್’ ಎಂಬ ಒಂದೇ ಮಾತು. “ಇನ್ನೂ ಬಂದಿಲ್ಲ ನೋಡವ್ವಾ” ಎಂದರು ಅಪ್ಪ, ತಪ್ಪು ತಮ್ಮದೇ ಎಂಬ ದನಿಯಲ್ಲಿ.

ಇಂಥ ಸಂದೇಶಗಳನ್ನು ಕಾಯುವುದೇ ಅವಳ ಉದ್ಯೋಗ. ಯುಪಿಐಯಲ್ಲಿ ಆ ಕ್ಷಣಕ್ಕೆ ಓಡಾಡುವುದು ಹಣವಲ್ಲ, ಸಂದೇಶಗಳು ಎಂದು ಅವಳಿಗೆ ಗೊತ್ತು. ಆ್ಯಪಿನಿಂದ ಎನ್‌ಪಿಸಿಐಗೆ ಒಂದು, ಅಲ್ಲಿಂದ ಕಳಿಸುವವರ ಬ್ಯಾಂಕಿಗೆ ‘ಕಡಿತ ಮಾಡಿ’ ಎಂದು ಇನ್ನೊಂದು, ಉತ್ತರ ಬಂದ ಮೇಲೆ ಪಡೆಯುವವರ ಬ್ಯಾಂಕಿಗೆ ‘ಜಮೆ ಮಾಡಿ’ ಎಂದು ಮತ್ತೊಂದು. ಬ್ಯಾಂಕುಗಳ ನಡುವಿನ ಲೆಕ್ಕ ಆಮೇಲೆ ಚುಕ್ತಾ ಆಗುತ್ತದೆ. ನಡುವೆ ಒಂದು ಉತ್ತರ ತಪ್ಪಿದರೂ ಸಾಕು, ಜಮೆ ಆಯಿತೋ ಇಲ್ಲವೋ ಹೇಳುವವರಿಲ್ಲ. ಬ್ಯಾಂಕಿನ ಸಹಾಯವಾಣಿಯವನು ಸಮಾಧಾನದಿಂದಲೇ ಹೇಳಿದ: “ನಮ್ಮ ಸಿಸ್ಟಮ್ ಸರಿಯಾಗಿಯೇ ನಡೀತಿದೆ ಮೇಡಂ.”

ಆ ಮಾತು ಅವಳಿಗೆ ಚುಚ್ಚಿತು. ಹಿಂದಿನ ವಾರವಷ್ಟೇ ಅದೇ ವಾಕ್ಯವನ್ನು ಅವಳೇ ಬರೆದಿದ್ದಳು.

ಅವಳ ಕಂಪನಿಯದು ಸರಕು ಸಾಗಣೆ. ಆರ್ಡರ್, ಗೋದಾಮು, ಲಾರಿ, ಬಿಲ್ಲು ಎಲ್ಲಕ್ಕೂ ಬೇರೆ ಬೇರೆ ಸಾಫ್ಟ್‌ವೇರ್. ಒಂದು ಸಂದೇಶ ಬರೆದು ಸರದಿಯಲ್ಲಿ ಇಡುತ್ತದೆ, ಇನ್ನೊಂದು ಎತ್ತಿಕೊಳ್ಳುತ್ತದೆ. ಅವಳ ಮುಂದಿನ ಪರದೆಯಲ್ಲಿ ಪ್ರತಿಯೊಂದಕ್ಕೂ ಒಂದು ಹಸಿರು ದೀಪ. ಗಿರಾಕಿಯೊಬ್ಬರು ಸರಕು ಬಂದಿಲ್ಲ ಎಂದು ದೂರಿದಾಗ ಅವಳು ದೀಪಗಳನ್ನು ನೋಡಿ, ಎಲ್ಲ ಸರಿಯಾಗಿದೆ ಎಂದು ಬರೆದು ದೂರು ಮುಗಿಸಿದ್ದಳು. ದೀಪಗಳು ಸುಳ್ಳು ಹೇಳಿರಲಿಲ್ಲ. ಗೋದಾಮಿನ ಸಾಫ್ಟ್‌ವೇರಿಗೆ ಆ ಆರ್ಡರ್ ತಲುಪಿಯೇ ಇರಲಿಲ್ಲ. ತಲುಪದ್ದರ ಬಗ್ಗೆ ಅದು ದೂರುವುದಾದರೂ ಹೇಗೆ?

ಕೆಟ್ಟ ಸಂದೇಶ ಬಂದರೆ ಯಂತ್ರ ಕೂಗುತ್ತದೆ. ಬರಬೇಕಾದದ್ದು ಬಾರದಿದ್ದರೆ ಎಲ್ಲೆಲ್ಲೂ ಮೌನ. ಆ ಮೌನ ಹಿಡಿಯಲು ಎರಡು ಬೇಕು: ಮೊದಲಿನಿಂದ ಕೊನೆಯವರೆಗೆ ಬದಲಾಗದೆ ಜೊತೆ ಬರುವ ಒಂದು ಗುರುತು ಸಂಖ್ಯೆ, ಮತ್ತು ಇಷ್ಟರೊಳಗೆ ಮುಗಿಯಬೇಕು ಎಂಬ ಒಂದು ಗಡಿಯಾರ. ಅವಳ ‘ಪೆಂಡಿಂಗ್’ ಪಾವತಿಗೆ ಎರಡೂ ಇದ್ದವು. ಒಂದು, ಪರದೆಯ ಕೆಳಗಿದ್ದ 12 ಅಂಕಿಯ ಸಂಖ್ಯೆ. ಇನ್ನೊಂದು, 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆ: ಒಬ್ಬರಿಂದ ಒಬ್ಬರಿಗೆ ಕಳಿಸಿದ ಯುಪಿಐ ಹಣ ಜಮೆಯಾಗದಿದ್ದರೆ ಮರುದಿನದೊಳಗೆ ತಾನಾಗಿ ಮರಳಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಯಾವ ಯಂತ್ರ ಸರಿಯಿದೆ ಎಂದು ಆ ನಿಯಮ ಕೇಳುವುದಿಲ್ಲ. ಹಣ ಮುಟ್ಟಿತೇ ಎಂದಷ್ಟೇ ಕೇಳುತ್ತದೆ.

ಔಷಧಿ ಅಂಗಡಿಯವರು ಪರಿಚಯದವರು, ಉದ್ರಿ ಕೊಟ್ಟರು. ಹಣ ಮರುದಿನ ಮಧ್ಯಾಹ್ನ ಇವಳ ಖಾತೆಗೇ ಮರಳಿತು.

ಅಷ್ಟರಲ್ಲಿ ಅವಳು ಕಚೇರಿಯಲ್ಲಿ ಹೊಸ ನಿಯಮವೊಂದನ್ನು ಬರೆದಿದ್ದಳು: ಆರ್ಡರ್ ಬಂದು ಎರಡು ಗಂಟೆಯಾದರೂ ಅದೇ ಸಂಖ್ಯೆಯ ಹೆಸರಿನಲ್ಲಿ ಗೋದಾಮಿನಿಂದ ಉತ್ತರ ಬಾರದಿದ್ದರೆ, ದೀಪಗಳೆಲ್ಲ ಹಸಿರಾಗಿದ್ದರೂ ಗಂಟೆ ಬಾರಿಸಬೇಕು. ಮೊದಲ ದಿನವೇ ಅದು ಹನ್ನೊಂದು ಸಲ ಬಾರಿಸಿತು. ಹಿಂದಿನ ವಾರದ ಗಿರಾಕಿಗೆ ಅವಳು ಮತ್ತೆ ಪತ್ರ ಬರೆಯಲು ಕೂತಳು. ಈ ಸಲ ಮೊದಲ ಸಾಲಿನಲ್ಲೇ ಕ್ಷಮೆ ಕೇಳಿದಳು.