ಅಘನಾಶಿನಿಯಲ್ಲಿ ಇಳಿತದ ಹೊತ್ತು

ಕುಮಟಾದಿಂದ ಅಘನಾಶಿನಿ ಊರಿಗೆ ಬಸ್ಸು, ಅಲ್ಲಿಂದ ತದಡಿಗೆ ದೋಣಿ. ತದಡಿಯ ಬಂದರಿನ ಗದ್ದಲ ದಾಟಿ, ಸಣ್ಣ ದೋಣಿಯೊಂದನ್ನು ಗೊತ್ತು ಮಾಡಿಕೊಂಡು ಅಳಿವೆಯ ಒಳಕ್ಕೆ ಹೊರಟೆ. ಫೆಬ್ರುವರಿ ತಿಂಗಳು, ಹುಣ್ಣಿಮೆಯ ಮಾರನೆಯ ದಿನ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ ಎಷ್ಟು ಏರುತ್ತದೋ ಇಳಿತವೂ ಅಷ್ಟೇ ಕೆಳಕ್ಕೆ ಹೋಗುತ್ತದೆ. ಉಳಿದ ದಿನ ನೀರಿನಡಿ ಇರುವ ಮರಳ ದಿಬ್ಬಗಳು ಆ ಹೊತ್ತು ಮೇಲೆದ್ದಿದ್ದವು. ಅವುಗಳ ಅಂಚಿನಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹೆಂಗಸರು, ಗಂಡಸರು ಬಳಚು ಎಂಬ ಚಿಪ್ಪಿಮೀನು ಹೆಕ್ಕುತ್ತಿದ್ದರು. ಕಣ್ಣಿಗೇನೂ ಕಾಣದು, ಕಾಲ್ಬೆರಳಿಗೆ ತಾಗಿದ್ದನ್ನು ಕೈ ಎತ್ತಿಕೊಳ್ಳುತ್ತದೆ.

“ಬೇಗ ಬೇಗ ಹೆಕ್ಕಬೇಕು ತಮಾ, ಭರತ ಬಂದ್ರೆ ಮುಗೀತು” ಎಂದರು ಹಿರಿಯ ಹೆಂಗಸೊಬ್ಬರು.

“ಮಳೆಗಾಲದಲ್ಲಿ ಸಿಗ್ತದಾ ಅಮ್ಮಾ?”

“ಮಳೆಗಾಲದಲ್ಲಿ ಎಲ್ಲಿಯ ಬಳಚು! ನೀರೇ ಸಪ್ಪೆ ಆಗ್ತದೆ.”

ಅವರು ಹೇಳಿದ್ದರಲ್ಲೇ ವಿಷಯವೆಲ್ಲ ಇದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ದಿನಕ್ಕೆ ಎರಡು ಸಲ ಭರತ ಅದನ್ನು ಅಳಿವೆಯೊಳಕ್ಕೆ ತಳ್ಳುತ್ತದೆ, ಹೊಳೆ ಹೊರಕ್ಕೆ ನೂಕುತ್ತದೆ. ಮೀನಾದರೆ ಈಜಿಕೊಂಡು ಜಾಗ ಬದಲಿಸೀತು. ಬಳಚು ಮರಳಿನಲ್ಲಿ ಹೂತುಕೊಂಡು, ಎರಡು ಕೊಳವೆಗಳನ್ನಷ್ಟೇ ಮೇಲಕ್ಕೆ ಚಾಚಿ, ಒಂದರಿಂದ ನೀರೆಳೆದು ಆಹಾರ ಸೋಸಿ ಇನ್ನೊಂದರಿಂದ ಬಿಡುತ್ತದೆ. ನೀರು ಸಪ್ಪೆಯಾದರೆ ಚಿಪ್ಪು ಮುಚ್ಚಿಕೊಳ್ಳುವುದೊಂದೇ ಅದಕ್ಕಿರುವ ದಾರಿ. ಆದರೆ ಬಾಗಿಲು ಹಾಕಿಕೊಂಡು ಎಷ್ಟು ದಿನ ಉಪವಾಸ ಇದ್ದೀತು? ಮಳೆಗಾಲದಲ್ಲಿ ಬಹಳಷ್ಟು ಸಾಯುತ್ತವೆ. ಮಳೆ ನಿಂತು ಉಪ್ಪು ಮರಳಿದ ಮೇಲೆ ಹೊಸ ಮರಿಗಳು ತಳ ಹಿಡಿದು, ಬೇಸಿಗೆಯ ಹೊತ್ತಿಗೆ ಹೆಕ್ಕುವಷ್ಟು ಬೆಳೆಯುತ್ತವೆ. ಉಪ್ಪಿನ ಮಟ್ಟಕ್ಕೆ ತಕ್ಕಂತೆ ಬಳಚಿನ ಜಾತಿಗಳೂ ಜಾಗ ಹಂಚಿಕೊಂಡಿವೆ: ಕಡಲ ಬಾಯಿಯ ಹತ್ತಿರ ಪಾಫಿಯಾ, ಒಳಕ್ಕೆ ಹೋದಂತೆ ಮೆರೆಟ್ರಿಕ್ಸ್, ಇನ್ನೂ ಮೇಲಕ್ಕೆ, ಸಿಹಿನೀರು ಹೆಚ್ಚುವಲ್ಲಿ, ಕಪ್ಪು ಚಿಪ್ಪಿನ ವಿಲ್ಲೋರಿಟಾ.

ಒಂದು ಕಡೆ ದೋಣಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೆ ಒರಸಿಕೊಂಡೇ ಹೋಯಿತು. ಅವುಗಳಲ್ಲೊಂದಾದ ಉಪ್ಪಟ್ಟಿಯ ಎಲೆಯೊಂದನ್ನು ಕಿತ್ತು ನೆಕ್ಕಿದೆ, ಉಪ್ಪುಪ್ಪು. ಬೇರು ಹೀರಿದ್ದರಲ್ಲಿ ಹೆಚ್ಚಾದ ಉಪ್ಪನ್ನು ಅದು ಎಲೆಯಿಂದ ಹೊರಹಾಕುತ್ತದೆ. ಉಸಿರುಗಟ್ಟಿಸುವ ಕೆಸರಿನಲ್ಲಿ ಗಾಳಿಗಾಗಿ ಬೇರುಗಳನ್ನು ಪೆನ್ಸಿಲಿನಂತೆ ನೆಟ್ಟಗೆ ಮೇಲಕ್ಕೆ ಕಳಿಸುತ್ತದೆ. ದಡದಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಗ್ಗ ಭತ್ತವೂ ಉಪ್ಪು ತಾಳಿಕೊಂಡೇ ಬೆಳೆಯುವ ತಳಿ.

ಮರುದಿನ ಹೊನ್ನಾವರಕ್ಕೆ ಹೋದೆ. ಶರಾವತಿಯ ಅಳಿವೆ ನೋಡಲು ಅಘನಾಶಿನಿಗಿಂತ ತುಂಬು ಚೆಲುವೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಆಮೇಲೆ ಗೇರುಸೊಪ್ಪೆಯದು ಬಂದವು. ವಿದ್ಯುತ್ತಿಗಾಗಿ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಹರಿಯುತ್ತಲೇ ಇರುವುದರಿಂದ ಉಪ್ಪು ಮೊದಲಿನಂತೆ ಒಳಕ್ಕೇರದು. ಉತ್ತರ ಕನ್ನಡದ ಅಳಿವೆಗಳನ್ನು ಹೋಲಿಸಿ ನೋಡಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಲ್ಲಿ ಬಳಚು ಕ್ಷೀಣಿಸಿದ್ದನ್ನು ದಾಖಲಿಸಿದ್ದಾರೆ. ವಿಷ ಬೆರೆತು ಹಾಳಾದ ಹೊಳೆಗಳ ಕಥೆ ನಮಗೆ ಗೊತ್ತು. ಬರೀ ಸಿಹಿನೀರೂ ಒಂದು ಕಸುಬನ್ನು ಮುಳುಗಿಸಬಲ್ಲದು ಎಂಬುದು ಲೆಕ್ಕಕ್ಕೇ ಬಂದಿಲ್ಲ.

ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಗೆ ಕಡಲು ಸೇರುವವರೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. 2024ರಲ್ಲಿ ಇದರ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೂ ನೀರನ್ನು ಘಟ್ಟದ ಮೇಲಿನಿಂದಲೇ ಪೂರ್ವಕ್ಕೆ ತಿರುಗಿಸುವ ಮಾತು ನಿಂತಿಲ್ಲ. ಪಶ್ಚಿಮದ ಹೊಳೆಗಳ ನೀರು ಸುಮ್ಮನೆ ಸಮುದ್ರದ ಪಾಲಾಗುತ್ತಿದೆ ಎನ್ನುವವರು ಒಮ್ಮೆ ಇಳಿತದ ಹೊತ್ತಿಗೆ ಈ ದಿಬ್ಬಗಳಿಗೆ ಬರಲಿ, ಆಮೇಲೆ ಹೊನ್ನಾವರದ ಪೇಟೆಯಲ್ಲಿ ಶರಾವತಿಯ ಬಳಚು ಕೇಳಿ ನೋಡಲಿ.