ಅಪ್ಪನ ಅಂಗಡಿಯ ಕಂಪ್ಯೂಟರ್ ಮತ್ತು 240 ಮೆಗಾಹರ್ಟ್ಸ್

ನಮ್ಮ ಆಫೀಸಿನಲ್ಲಿ ಮೂರು ವರ್ಷ ತುಂಬಿದ ಲ್ಯಾಪ್‌ಟಾಪ್ ಅಂದರೆ ‘ಹಳೇದು’. ನಿಧಾನ ಆಗಿದೆ ಅಂತ ಒಂದು ಟಿಕೆಟ್ ಹಾಕಿದರೆ ವಾರದೊಳಗೆ ಹೊಸದು ಮೇಜಿನ ಮೇಲಿರುತ್ತದೆ. ತಿಪಟೂರಿನಲ್ಲಿ ನಮ್ಮಪ್ಪನ ಡಿಟಿಪಿ ಅಂಗಡಿಯ ಕಂಪ್ಯೂಟರ್ 2009ರಲ್ಲಿ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಜೋಡಿಸಿದ್ದು. ಮದುವೆ ಕಾರ್ಡು, ಗೃಹಪ್ರವೇಶದ ಆಹ್ವಾನ, ವೈಕುಂಠ ಸಮಾರಾಧನೆಯ ಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲವೂ ಇವತ್ತಿಗೂ ಅದರಲ್ಲೇ.

‘ಹೊಸದು ಕೊಡಿಸಬಾರದಾ ನೀನು, ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲ?’ ಅಂತ ನನ್ನನ್ನು ಕೇಳದ ನೆಂಟರಿಲ್ಲ. ಕೊಡಿಸಲು ನಾನು ತಯಾರು. ಆದರೆ ಅಪ್ಪ ಬಳಸುವ ಕನ್ನಡ ಫಾಂಟ್ ಪ್ಯಾಕೇಜು ಯೂನಿಕೋಡ್ ಬರುವುದಕ್ಕೆ ಮುಂಚಿನದು. ಅದು ಕೆಲಸ ಮಾಡಬೇಕೆಂದರೆ ಕಂಪ್ಯೂಟರಿನ ಬೆನ್ನಿಗೆ, ಇಪ್ಪತ್ತೈದು ಪಿನ್ನಿನ ಪ್ರಿಂಟರ್ ಪೋರ್ಟಿಗೆ, ಒಂದು ಡಾಂಗಲ್ ಸಿಕ್ಕಿಸಿರಬೇಕು. ಈಗಿನ ಕಂಪ್ಯೂಟರ್‌ಗಳಲ್ಲಿ ಆ ಪೋರ್ಟೇ ಸಿಗುವುದು ಕಷ್ಟ. ಇಪ್ಪತ್ತು ವರ್ಷದ ಪೇಜ್‌ಮೇಕರ್ ಫೈಲುಗಳು ಆ ಫಾಂಟನ್ನೇ ನಂಬಿಕೊಂಡಿವೆ. ಯೂನಿಕೋಡಿಗೆ ಪರಿವರ್ತಿಸಿ ನೋಡಿದೆವು. ಅಕ್ಷರಗಳೇನೋ ಬಂದವು, ಅರ್ಕಾವತ್ತು ಕೆಲವು ಕಡೆ ಪಕ್ಕದ ಅಕ್ಷರದ ಮೇಲೆ ಹೋಗಿ ಕೂತಿತ್ತು. ‘ಒಂದೊಂದು ಕಾರ್ಡೂ ಮತ್ತೆ ಪ್ರೂಫ್ ನೋಡೋ ಹಾಗಿದ್ರೆ ಹೊಸದಾಗಿ ಟೈಪ್ ಮಾಡೋದೇ ವಾಸಿ ಕಣಮ್ಮ’ ಅಂದರು ಅಪ್ಪ. ಅಲ್ಲಿಗೆ ಆ ಮಾತು ಮುಗಿಯಿತು.

ಆದರೆ ತೊಂದರೆ ನಿಜವಾಗಿಯೂ ಇತ್ತು. ಬಣ್ಣದ ಕಾರ್ಡನ್ನು ಪ್ರೆಸ್ಸಿಗೆ ಕಳಿಸುವ ಫೈಲ್ ಮಾಡಲು ಆರು ನಿಮಿಷ ಬೇಕಿತ್ತು. ಹುಡುಗಿಯ ಕಡೆಯವರು, ಹುಡುಗನ ಕಡೆಯವರು ಎದುರಿಗೆ ಕೂತಿರುತ್ತಾರೆ. ಪರದೆಯ ಮೇಲೆ ಆ ನೀಲಿ ಪಟ್ಟಿ ಬಸವನಹುಳುವಿನ ಹಾಗೆ ತೆವಳುತ್ತಿರುತ್ತದೆ. ಫೈಲ್ ಆದ ಮೇಲೆ ಯಾರೋ ಒಬ್ಬರು ‘ಸೋದರಮಾವನ ಹೆಸರು ಬಿಟ್ಟೋಯ್ತು’ ಅನ್ನುತ್ತಾರೆ. ಮತ್ತೆ ಆರು ನಿಮಿಷ. ಕಳೆದ ವರ್ಷದ ಸೀಸನ್ನಿನಲ್ಲಿ ಒಂದೇ ವಾರದಲ್ಲಿ ಮೂರು ಪಾರ್ಟಿಗಳು ‘ಆಮೇಲೆ ಬರ್ತೀವಿ’ ಅಂತ ಎದ್ದು ಹೋದರು, ಬರಲಿಲ್ಲ. ‘ಸಾಕಾಯ್ತು, ಬಾಗಿಲು ಹಾಕ್ತೀನಿ’ ಅಂತ ಅಪ್ಪ ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಂದರಂತೆ. ನನಗೆ ಹೇಳಿದ್ದು ಅಮ್ಮ, ಫೋನಿನಲ್ಲಿ, ಪಿಸುದನಿಯಲ್ಲಿ.

ಸಂಕ್ರಾಂತಿಗೆ ಊರಿಗೆ ಹೋದಾಗ ನಾನು ಓವರ್‌ಕ್ಲಾಕ್ ಮಾಡಲು ಕೂತದ್ದು ಅದಕ್ಕೆ.

ಅದರೊಳಗಿರುವುದು ಇಂಟೆಲ್‌ನ ಪೆಂಟಿಯಂ ಡ್ಯುಯಲ್ ಕೋರ್ ಇ5200. 2008ರಲ್ಲಿ ಬಂದ ಅಗ್ಗದ ಪ್ರೊಸೆಸರ್, ವೇಗ 2.5 ಗಿಗಾಹರ್ಟ್ಸ್. ಈ ವೇಗ ಎಲ್ಲಿಂದ ಬರುತ್ತದೆ ಅನ್ನುವುದು ಶಾಲೆಯ ಮಗ್ಗಿ ಲೆಕ್ಕ. ಮದರ್‌ಬೋರ್ಡು ಸೆಕೆಂಡಿಗೆ 200 ಮಿಲಿಯನ್ ಸಲ ತಾಳ ಹಾಕುತ್ತದೆ, ಅಂದರೆ 200 ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು 12.5ರಿಂದ ಗುಣಿಸಿಕೊಳ್ಳುತ್ತದೆ. 200 ಗುಣಿಸು 12.5, ಒಟ್ಟು 2500. ಗುಣಿಸುವ ಅಂಕಿಯನ್ನು ಮೇಲೇರಿಸದ ಹಾಗೆ ಕಾರ್ಖಾನೆಯಲ್ಲೇ ಬೀಗ ಹಾಕಿದ್ದಾರೆ. ತಾಳಕ್ಕೆ ಬೀಗ ಇಲ್ಲ. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಕೀ ಒತ್ತಿದರೆ ಬಯೋಸ್ ತೆರೆಯುತ್ತದೆ, ಅಲ್ಲಿ 200 ಇದ್ದ ಕಡೆ ಬೇರೆ ಅಂಕಿ ಬರೆಯಬಹುದು.

ಇದು ಕಳ್ಳ ವಿದ್ಯೆಯೇನಲ್ಲ. ಒಂದೇ ವಿನ್ಯಾಸದ ಚಿಪ್‌ಗಳನ್ನು ಬೇರೆ ಬೇರೆ ವೇಗದ ಹೆಸರಿನಲ್ಲಿ, ಬೇರೆ ಬೇರೆ ಬೆಲೆಗೆ ಮಾರುವುದು ಈ ವ್ಯಾಪಾರದ ಹಳೆಯ ಪದ್ಧತಿ. ಅಗ್ಗದ ಹೆಸರು ಹೊತ್ತ ಎಷ್ಟೋ ಚಿಪ್‌ಗಳಿಗೆ ಇನ್ನೂ ಓಡುವ ತ್ರಾಣ ಇರುತ್ತದೆ. 1998ರ ಸೆಲೆರಾನ್ 300ಎ ಇದಕ್ಕೇ ಹೆಸರುವಾಸಿ. 66 ಮೆಗಾಹರ್ಟ್ಸ್ ತಾಳವನ್ನು 100ಕ್ಕೆ ಏರಿಸಿದರೆ 300ರ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು. ನೀವು ಈಗ ಇದನ್ನು ಓದುತ್ತಿರುವ ಫೋನಿನ ಪ್ರೊಸೆಸರ್ ಕೆಲಸ ನೋಡಿಕೊಂಡು ತನ್ನ ವೇಗವನ್ನು ತಾನೇ ಏರಿಸಿ ಇಳಿಸಿಕೊಳ್ಳುತ್ತಿರುತ್ತದೆ. ಆ ಕಾಲದ ಅಗ್ಗದ ಪ್ರೊಸೆಸರಿಗೆ ತನ್ನ ಹೆಸರಿನ ವೇಗ ಮೀರುವ ಜಾಣತನ ಇರಲಿಲ್ಲ, ನಾವೇ ಕೈಹಾಕಬೇಕಿತ್ತು.

ಮೊದಲ ದಿನ ಬಯೋಸ್ ಮುಟ್ಟಲೇ ಇಲ್ಲ. ಅಪ್ಪನ ಫೈಲುಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಎರಡು ಪ್ರತಿ ಮಾಡಿದೆ. ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ತೆಂಗಿನ ನಾರಿನ ಧೂಳು, ಕಂಬಳಿ ಹೊದ್ದ ಹಾಗೆ. ಅಂಗಡಿ ಇರುವುದು ಕೊಬ್ಬರಿ ಮಂಡಿಯ ರಸ್ತೆಯಲ್ಲಿ, ಆಶ್ಚರ್ಯವೇನಿಲ್ಲ. ಪೇಂಟ್ ಬ್ರಷ್ಷಿನಿಂದ ಒರೆಸಿ, ಒಣಗಿ ಸುಣ್ಣದ ಹಾಗಾಗಿದ್ದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಹಚ್ಚಿದೆ. ಇಷ್ಟಕ್ಕೇ ಬಿಸಿ ಹನ್ನೆರಡು ಡಿಗ್ರಿ ಇಳಿಯಿತು! ಹಳೇ ಕಂಪ್ಯೂಟರ್ ಇರುವವರು ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ. ಆಮೇಲೆ ಟಾರ್ಚ್ ಬಿಟ್ಟು ಬೋರ್ಡಿನ ಮೇಲಿನ ಕೆಪಾಸಿಟರ್‌ಗಳನ್ನು ಒಂದೊಂದಾಗಿ ನೋಡಿದೆ. ವಯಸ್ಸಾದ ಬೋರ್ಡಿನಲ್ಲಿ ಆ ಸಣ್ಣ ಡಬ್ಬಿಗಳ ತಲೆ ಉಬ್ಬಿದ್ದರೆ ಅಲ್ಲಿಗೆ ಕೈಬಿಡಬೇಕು, ವೇಗದ ಮಾತೇ ಬೇಡ. ಇವುಗಳ ತಲೆ ಚಪ್ಪಟೆಯಾಗೇ ಇತ್ತು.

ಎರಡನೇ ದಿನ 210, 220, 230, ಹೀಗೆ ಮೆಟ್ಟಿಲು ಮೆಟ್ಟಿಲು ಹತ್ತಿಸಿದೆ. ತಾಳ ಏರಿಸಿದಾಗ ಅದರ ಜೊತೆಗೆ ರ‍್ಯಾಮ್‌ನ ವೇಗವೂ ಏರುತ್ತದೆ, ಅದು ತಡೆಯುವುದಿಲ್ಲ. ಅದಕ್ಕೆ ರ‍್ಯಾಮ್‌ನ ಅನುಪಾತವನ್ನು 1:2ರಿಂದ 2:3ಕ್ಕೆ ಇಳಿಸಿದೆ. ಪಿಸಿಐ ಎಕ್ಸ್‌ಪ್ರೆಸ್ 100ರಲ್ಲಿ, ಪಿಸಿಐ 33ರಲ್ಲಿ ನಿಲ್ಲುವಂತೆ ಕಟ್ಟಿಹಾಕಿದೆ. ಇದನ್ನು ಬಿಟ್ಟರೆ ಕೆಲವು ಬೋರ್ಡುಗಳಲ್ಲಿ ಹಾರ್ಡ್ ಡಿಸ್ಕಿನ ಮಾಹಿತಿಯೇ ಕೆಡಬಹುದು. 266ಕ್ಕೆ ಹೋದಾಗಲೂ ವಿಂಡೋಸ್ ಆರಾಮಾಗಿ ತೆರೆಯಿತು. 3.33 ಗಿಗಾಹರ್ಟ್ಸ್! ದುಡ್ಡು ಖರ್ಚಿಲ್ಲದೆ ಮೂರನೇ ಒಂದು ಭಾಗ ಹೆಚ್ಚು. ಅಪ್ಪ ಒಂದು ಕಾರ್ಡಿನ ಫೈಲ್ ಮಾಡಿ ನೋಡಿ, ‘ಪರವಾಗಿಲ್ವೇ’ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ನಾನು ಹೊಟ್ಟೆಪಾಡಿಗೆ ಮಾಡುವುದು ಟೆಸ್ಟಿಂಗ್. ತೆರೆದುಕೊಂಡಿತು ಅಂದರೆ ಸರಿಯಾಗಿದೆ ಅಂತ ಒಪ್ಪುವ ಜಾತಿ ನಮ್ಮದಲ್ಲ. ಪ್ರೈಮ್95 ಅಂತ ಒಂದು ಪ್ರೋಗ್ರಾಂ ಇದೆ. ಅದು ಹುಟ್ಟಿದ್ದು ಮರ್ಸೆನ್ ಪ್ರೈಮ್ ಅನ್ನುವ ದೈತ್ಯ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು. 1996ರಿಂದ ಜಗತ್ತಿನ ಸಾವಿರಾರು ಜನ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಅದನ್ನು ಓಡಿಸುತ್ತಾ ಬಂದಿದ್ದಾರೆ. ನಮ್ಮಂಥವರಿಗೆ ಅದರ ಉಪಯೋಗ ಬೇರೆ. ಉತ್ತರ ಮೊದಲೇ ಗೊತ್ತಿರುವ ಭಾರೀ ಲೆಕ್ಕಗಳನ್ನು ಪ್ರೊಸೆಸರಿಗೆ ಕೊಟ್ಟು, ಬಂದ ಉತ್ತರವನ್ನು ತಾಳೆ ನೋಡುತ್ತದೆ. ತಪ್ಪಿದರೆ ಅಲ್ಲೇ ನಿಲ್ಲಿಸಿ ಹೇಳುತ್ತದೆ. 266ರಲ್ಲಿ ಇಡೀ ರಾತ್ರಿ ಓಡಿತು, ಒಂದೂ ತಪ್ಪಿಲ್ಲ. ಮಾರನೇ ದಿನ ಮಧ್ಯಾಹ್ನ ಎರಡು ಗಂಟೆಗೆ, ಶೀಟಿನ ಸೂರು ಕಾದು ಅಂಗಡಿ ಒಲೆಯಾಗಿದ್ದಾಗ, ಎರಡು ಕೋರ್‌ಗಳಲ್ಲಿ ಒಂದು ನಿಂತಿತು.

‘ಹ್ಯಾಂಗ್ ಆಯ್ತಾ?’ ಅಂತ ಅಪ್ಪ ಕೇಳಿದರು.

‘ಇಲ್ಲ ಅಪ್ಪ. ಕಂಪ್ಯೂಟರ್ ಚೆನ್ನಾಗೇ ಓಡ್ತಿದೆ. ಲೆಕ್ಕ ತಪ್ಪಿದೆ, ಅಷ್ಟೆ.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಚೆನ್ನಾಗಿ ಓಡ್ತಾನೇ ತಪ್ಪು ಮಾಡುತ್ತಾ?’

ಮಾಡುತ್ತದೆ. ಹೆಚ್ಚಿನ ಸಲ ಪ್ರೋಗ್ರಾಂ ಪಟ್ಟನೆ ಮುಚ್ಚಿಹೋಗುತ್ತದೆ, ಅದಾದರೆ ಕಣ್ಣಿಗೆ ಕಾಣುತ್ತದೆ. ಸದ್ದಿಲ್ಲದೆ ಫೈಲಿನೊಳಗೆ ಏನೋ ಒಂದು ಕೆಟ್ಟು ಉಳಿದರೆ, ಅದು ಗೊತ್ತಾಗುವುದು ಮುಂದಿನ ತಿಂಗಳು. ಅಪ್ಪ ಡಿಟಿಪಿಗೆ ಬರುವ ಮುಂಚೆ ಹದಿನೈದು ವರ್ಷ ಅಚ್ಚುಮೊಳೆ ಜೋಡಿಸುತ್ತಿದ್ದವರು. ‘ಟ್ರೆಡಲ್ ಮಷೀನ್ ಇದ್ದಾಗ ನಾವೂ ಹೀಗೇ ಜೋರಾಗಿ ತುಳೀತಿದ್ವಿ’ ಅಂದರು. ‘ಮಷೀನ್ ಓಡೋದು, ಕಾಗದ ಕೂರಿಸೋ ಕೈ ಹಿಂದೆ ಬೀಳೋದು. ನೂರಕ್ಕೆ ಎರಡು ಓರೆ. ಒಂದು ಕಾರ್ಡಲ್ಲಿ ಮುಹೂರ್ತ ತಪ್ಪಿದ್ರೆ ಐನೂರು ಕಾರ್ಡೂ ವಾಪಸ್ ಬರುತ್ತೆ. ಮಾತು ಬೇರೆ ಕೇಳಬೇಕು.’

ಲೆಕ್ಕ ತಪ್ಪದಂತೆ ಮಾಡಲು ದಾರಿ ಇತ್ತು. ಪ್ರೊಸೆಸರಿಗೆ ಕೊಡುವ ವೋಲ್ಟೇಜನ್ನು ಸ್ವಲ್ಪ ಏರಿಸಿದರೆ 266ರಲ್ಲೂ ನಿಲ್ಲಬಹುದಿತ್ತು. ಓವರ್‌ಕ್ಲಾಕಿಂಗ್ ಹುಚ್ಚಿನವರು ಮಾಡುವುದು ಅದನ್ನೇ. ಆದರೆ ವೇಗ ಏರಿದಷ್ಟೇ ಪ್ರಮಾಣದಲ್ಲಿ ವಿದ್ಯುತ್ ಖರ್ಚು ಏರಿದರೆ, ವೋಲ್ಟೇಜಿನದು ವರ್ಗದ ಲೆಕ್ಕ. ವೇಗ ಮೂರನೇ ಒಂದು ಭಾಗ, ವೋಲ್ಟೇಜ್ ಶೇಕಡಾ 10 ಹೆಚ್ಚಿಸಿದರೆ ಖರ್ಚಾಗುವ ವಿದ್ಯುತ್ ಸುಮಾರು ಶೇಕಡಾ 60 ಹೆಚ್ಚು, ಅದೆಲ್ಲ ಬಿಸಿಯಾಗಿ ಹೊರಬರಬೇಕು. ಹದಿನೈದು ವರ್ಷ ದಾಟಿದ ಬೋರ್ಡು, ಅದೇ ವಯಸ್ಸಿನ ಕೆಪಾಸಿಟರ್‌ಗಳು, ಪೆಟ್ಟಿಗೆಯ ಜೊತೆಗೇ ಬಂದ ಪುಟ್ಟ ಫ್ಯಾನು. ಸಂಕ್ರಾಂತಿಯ ಮಧ್ಯಾಹ್ನವೇ ಹೀಗಾದರೆ ಏಪ್ರಿಲ್ಲಿನ ಮಧ್ಯಾಹ್ನ? ಮದುವೆ ಸೀಸನ್ ಇರುವುದೇ ಆಗ. ದ್ರವ ಸಾರಜನಕ ಸುರಿದು ದಾಖಲೆ ಮಾಡುವವರ ವಿಡಿಯೋಗಳನ್ನು ನಾನೂ ಬಾಯಿ ಬಿಟ್ಟುಕೊಂಡು ನೋಡುತ್ತೇನೆ. ಅವರ ಪ್ರೊಸೆಸರ್ ಕೆಲವು ನಿಮಿಷ ಬದುಕಿದ್ದರೆ ಸಾಕು. ಅಪ್ಪನದು ಸಂಜೆ ಎಂಟರವರೆಗೆ ಬದುಕಿರಬೇಕು, ಮಾರನೇ ದಿನವೂ.

ವೋಲ್ಟೇಜ್ ಮುಟ್ಟಲಿಲ್ಲ. 250ಕ್ಕೆ ಇಳಿಸಿದೆ. ಹಗಲು ರಾತ್ರಿ ಓಡಿಸಿದರೂ ತಪ್ಪು ಬರಲಿಲ್ಲ. ಅಲ್ಲಿಂದಲೂ ಹತ್ತು ಇಳಿಸಿ 240ರಲ್ಲಿ ನಿಲ್ಲಿಸಿದೆ. ಸರಿಯಾಗಿ 3 ಗಿಗಾಹರ್ಟ್ಸ್.

‘250 ಓಡ್ತಲ್ಲ, ಆ ಹತ್ತು ಯಾಕೆ ಬಿಟ್ಟೆ?’ ಅಂದರು ಅಪ್ಪ.

‘ಅದು ಏಪ್ರಿಲ್ಲಿಗೆ’ ಅಂದೆ.

ಆರು ನಿಮಿಷದ ಕೆಲಸ ಈಗ ಐದು ನಿಮಿಷಕ್ಕೆ ಆಗುತ್ತದೆ. ಬರೀ ಒಂದು ನಿಮಿಷಕ್ಕೆ ಇಷ್ಟೆಲ್ಲ ಬೇಕಿತ್ತಾ ಅನ್ನಬಹುದು ನೀವು. ದಿನಕ್ಕೆ ಮೂವತ್ತು ಸಲ ಆ ಪಟ್ಟಿಯ ಮುಂದೆ ಕೂರುವವರನ್ನು ಕೇಳಿ. ಈ ಸಲದ ಸೀಸನ್ನಿನಲ್ಲಿ ‘ಆಮೇಲೆ ಬರ್ತೀವಿ’ ಅಂದವರು ಇಲ್ಲವೇ ಇಲ್ಲ ಅಂತಲ್ಲ. ಬಾಗಿಲು ಹಾಕುವ ಮಾತು ಮಾತ್ರ ಮತ್ತೆ ಬಂದಿಲ್ಲ ಅಂತ ಅಮ್ಮನ ವರದಿ. ಕ್ಯಾಬಿನೆಟ್ಟಿನ ಮುಚ್ಚಳದ ಒಳಬದಿಗೆ ಅಪ್ಪ ಒಂದು ಚೀಟಿ ಅಂಟಿಸಿದ್ದಾರೆ: ‘ತಾಳ 240. ರ‍್ಯಾಮ್ 2:3. ವೋಲ್ಟೇಜ್ ಮುಟ್ಟಬಾರದು.’ ಕೊನೆಯ ಪದದ ಕೆಳಗೆ ಎರಡು ಗೆರೆ.

ನಾನೀಗ ಎಸ್.ಪಿ. ರೋಡಿನಲ್ಲಿ ಪ್ರಿಂಟರ್ ಪೋರ್ಟ್ ಇರುವ ಅಂಥದ್ದೇ ಇನ್ನೊಂದು ಹಳೇ ಬೋರ್ಡು ಹುಡುಕುತ್ತಿದ್ದೇನೆ, ಇದು ಕೈಕೊಟ್ಟ ದಿನಕ್ಕೆ ಇರಲಿ ಅಂತ. ಎರಡು ಸಿಕ್ಕವು, ಎರಡರದೂ ಕೆಪಾಸಿಟರ್ ತಲೆ ಉಬ್ಬಿತ್ತು. ಶನಿವಾರ ಮತ್ತೆ ಹೋಗಬೇಕು.